ಚಾಪೆ ಸುತ್ತಿದ ತಾಯಿ

"ಅಜ್ಜಾರೇ, ನಮ್ಮ ಶಾಲೆಯ ಮಕ್ಕಳಿಗೆ ಗುರುವಿನ ಮೇಲಿರುವ ಭಕ್ತಿ ಪಟ್ಟಣದ ಮಕ್ಕಳಿಗೆ ಇಲ್ಲ. ಆದರೂ ವಿದ್ಯೆ ಅವರಿಗೆ ಹತ್ತುತ್ತದೆ, ನಮ್ಮವರಿಗೆ ಹತ್ತುವುದಿಲ್ಲ. ಯಾಕೆ?"

ಕೇಳಿದವನು ನಿಜಗುಣ. ಚಿಕ್ಕಂದಿನಿಂದ ಮಠದ ಅನ್ನ ಉಂಡು, ಮಠದಲ್ಲೇ ಓದಿ, ಈಗ ದೂರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದ. ರಜೆಗೆ ಬಂದವನು ಗುರುಗಳ ಕಾಲಿಗೆ ಬಿದ್ದು, ಎದ್ದು, ಕೈಕಟ್ಟಿ ನಿಂತು ಹೀಗೆ ಕೇಳಿದ.

ಗುರುಗಳು ಶೇಂಗಾ ಸುಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ಭಕ್ತಿ ಅಂದರೆ ಏನು ಮಾಡುತ್ತಾರಪ್ಪಾ ನಿನ್ನ ಮಕ್ಕಳು?"

"ನಾನು ಒಳಗೆ ಬಂದರೆ ಉಸಿರೆತ್ತುವುದಿಲ್ಲ. ತಿಳಿಯಿತಾ ಎಂದರೆ ತಿಳಿಯಿತು ಅನ್ನುತ್ತಾರೆ. ಒಂದು ದಿನವೂ ತಿಳಿಯಲಿಲ್ಲ ಎಂದು ನನ್ನ ಮನಸ್ಸು ನೋಯಿಸಿದವರಲ್ಲ. ಅವರ ಅಪ್ಪ ಅವ್ವಂದಿರು ದಾರಿಯಲ್ಲಿ ನನ್ನನ್ನು ಕಂಡರೆ ಚಪ್ಪಲಿ ಕಳಚಿ ನಿಲ್ಲುತ್ತಾರೆ." ಹೇಳುವಾಗ ನಿಜಗುಣನ ಮುಖ ಅರಳಿತ್ತು.

"ಆಹಾ, ಪುಣ್ಯವಂತ ನೀನು! ಕೂತುಕೋ. ಒಂದು ಕತೆ ಹೇಳುತ್ತೇನೆ. ಸುಮ್ಮನೆ ಕೂರಬೇಡ, ಈ ಶೇಂಗಾ ಸುಲಿ." ಗುರುಗಳು ಬುಟ್ಟಿಯನ್ನು ಅವನ ಕಡೆಗೆ ತಳ್ಳಿ ಹೇಳತೊಡಗಿದರು.

ಒಂದು ಗುಡ್ಡದ ಮೇಲೆ ಚಾಪೆ ಹೆಣೆಯುವವರ ಹಟ್ಟಿ ಇತ್ತು. ಹಟ್ಟಿಯ ಹೆಸರು ಕೇಳಬೇಡ, ಹೇಳಿದರೆ ನೀನು ಅಲ್ಲಿಗೆ ಹೋಗಿ ಅವರ ತಲೆ ತಿನ್ನುತ್ತೀಯ. ಗಂಡಸರು ಈಚಲು ಗರಿ ಕೊಯ್ದು ತರುತ್ತಿದ್ದರು, ಹೆಂಗಸರು ಹೆಣೆಯುತ್ತಿದ್ದರು. ಸುತ್ತಲ ಊರುಗಳೆಲ್ಲ ಮಲಗುತ್ತಿದ್ದುದು ಅವರ ಚಾಪೆಯ ಮೇಲೆ. ಅವರು ಮಾತ್ರ ತಮ್ಮ ಮನೆಯಲ್ಲಿ ಬರಿ ನೆಲದ ಮೇಲೆ ಕೂರುತ್ತಿದ್ದರು. ಅವರಲ್ಲಿ ಚಾಪೆ ಹಾಸುವುದು ಅತಿಥಿಗೆ ಮಾತ್ರ.

ಹಾಸುವುದಕ್ಕೂ ಒಂದು ಕಟ್ಟುಪಾಡಿತ್ತು. ಚಾಪೆಯ ಮೇಲೆ ಕೂತವರನ್ನು ಏನೂ ಕೇಳಬಾರದು. ಯಾಕೆ ಬಂದಿರಿ ಅನ್ನಬಾರದು, ಯಾವಾಗ ಹೋಗುತ್ತೀರಿ ಅನ್ನಬಾರದು. ಅವರು ಏನು ಹೇಳಿದರೂ ಹೂಂ ಅನ್ನಬೇಕು. ಇಲ್ಲ ಎಂಬ ಮಾತು ಬಾಯಿಂದ ಬಂದರೆ ಮನೆಯ ಮರ್ಯಾದೆ ಹೋದಂತೆ. ಇನ್ನು ಅತಿಥಿ ಕೂತಿರುವಾಗಲೇ ಚಾಪೆ ಎತ್ತಿದರೋ, ಮುಗಿಯಿತು, ಅವನನ್ನು ಕತ್ತು ಹಿಡಿದು ಆಚೆ ನೂಕಿದಂತೆ.

ಆದರೆ ಅಳಿಯನ ವಿಷಯ ಬೇರೆ. ಹೊಸ ಅಳಿಯ ಬಂದಾಗ ಚಾಪೆ ಹಾಸುತ್ತಿದ್ದರು. ಅವನು ಉಂಡದ್ದೇ ಉಂಡದ್ದು, ಹೇಳಿದ್ದಕ್ಕೆಲ್ಲ ಹೂಂ. ಮೊದಲ ಮಗು ಹುಟ್ಟಿದ ಮೇಲೆ ಅತ್ತೆಯೇ ಅವನ ಕೈಹಿಡಿದು ಎಬ್ಬಿಸಿ, ಚಾಪೆ ಸುತ್ತಿ ಮೂಲೆಗಿಟ್ಟು, "ಇನ್ನ ನೆಲಕ್ಕ ಕುಂದ್ರಪ್ಪಾ" ಅನ್ನುತ್ತಿದ್ದಳು. ಆವತ್ತಿನಿಂದ ಅವನು ಮನೆಯವನು. ಆವತ್ತಿನಿಂದ ಅವನಿಗೆ ಬೈಗುಳವೂ ಸಿಗುತ್ತಿತ್ತು ಅನ್ನು! ಬೈಸಿಕೊಂಡ ಅಳಿಯಂದಿರು ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದರು.

ಆ ಹಟ್ಟಿಗೆ ಒಂದು ಶಾಲೆ ಬಂತು. ಒಂದು ಕೋಣೆ, ಒಬ್ಬ ಮೇಷ್ಟ್ರು, ಎಲ್ಲ ತರಗತಿಗಳೂ ಅವನೊಬ್ಬನ ತಲೆಯ ಮೇಲೆ. ಗುಡ್ಡದ ಕೆಳಗಿನ ಪಟ್ಟಣದಲ್ಲೂ ಶಾಲೆ ಇತ್ತು. ಅಲ್ಲಿ ತರಗತಿಗೊಬ್ಬ ಮೇಷ್ಟ್ರು, ಪುಸ್ತಕಕ್ಕೇ ಬೇರೆ ಕೋಣೆ, ಕೂರಲು ಬೆಂಚು, ಕುಡಿಯಲು ನಲ್ಲಿ ನೀರು. ಎರಡೂ ಒಂದೇ ಸರಕಾರದ್ದು, ಎರಡರಲ್ಲೂ ಒಂದೇ ಪಾಠ. ಆದರೆ ಹಟ್ಟಿಯವರು ಪಟ್ಟಣದ ಶಾಲೆಯ ಒಳಗೆ ಕಾಲಿಟ್ಟವರಲ್ಲ. ತಮಗೆ ಸಿಕ್ಕಿದ್ದೇ ಅವರಿಗೆ ದೊಡ್ಡದಾಗಿತ್ತು. ಅಪ್ಪ ಅಜ್ಜಂದಿರು ಕಾಣದ್ದನ್ನು ಮಕ್ಕಳು ಕಂಡರಲ್ಲ ಎಂದು ಮುದುಕಿಯರು ಶಾಲೆಯ ಗೋಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸುಳ್ಳು ಭಕ್ತಿಯಲ್ಲ ತಮ್ಮಾ, ಹೊಟ್ಟೆಯೊಳಗಿಂದ ಬಂದದ್ದು.

ಮೇಷ್ಟ್ರು ಬಯಲು ಸೀಮೆಯವನು. ಒಳ್ಳೆಯವನು. ಬಿಸಿಲಿರಲಿ ಮಳೆಯಿರಲಿ, ಗುಡ್ಡ ಹತ್ತಿ ಬರುತ್ತಿದ್ದ. ಅವನು ಮೊದಲ ದಿನ ಬಂದಾಗ ಹಟ್ಟಿಯವರು ಏನು ಮಾಡಿದರು? ಹೊಸ ಚಾಪೆ ಹಾಸಿದರು. ಮಾರನೆಯ ದಿನವೂ ಹಾಸಿದರು. ಹಳೆಯದಾದರೆ ಬದಲಿಸಿದರು. ವರ್ಷಗಳು ಕಳೆದರೂ ಚಾಪೆ ಎತ್ತಲಿಲ್ಲ. ಒಂದು ಮನೆಯಿಂದ ಮಜ್ಜಿಗೆ, ಇನ್ನೊಂದು ಮನೆಯಿಂದ ರೊಟ್ಟಿ. ಮಕ್ಕಳಿಗೆ ಮನೆಯಲ್ಲಿ ಒಂದೇ ಪಾಠ: ಮೇಷ್ಟ್ರು ಚಾಪೆಯ ಮೇಲೆ ಕೂತವರು, ಇಲ್ಲ ಅನ್ನಬೇಡಿ.

ಮೇಷ್ಟ್ರು ಪಾಠ ಮಾಡಿ "ತಿಳೀತಾ?" ಎನ್ನುತ್ತಿದ್ದ. ಮಕ್ಕಳು "ಹೂಂ" ಎನ್ನುತ್ತಿದ್ದವು. ಅವನು ಓದಿ ಹೇಳಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದವು. ಎಂಥಾ ಜಾಣ ಮಕ್ಕಳು ಎಂದು ಅವನು ಹಿಗ್ಗುತ್ತಿದ್ದ. ಆಗೊಮ್ಮೆ ಈಗೊಮ್ಮೆ ಶಾಲೆ ನೋಡುವ ಅಧಿಕಾರಿ ಬರುತ್ತಿದ್ದ. ಅವನಿಗೂ ಚಾಪೆ. "ಏನಾದರೂ ಕೊರತೆ ಇದೆಯಾ?" ಎಂದು ಅವನು ಕೇಳಿದರೆ ಹಟ್ಟಿಯೆಲ್ಲ ಒಂದೇ ದನಿಯಲ್ಲಿ, "ಏನೂ ಇಲ್ರಿ ಸಾಹೇಬ್ರ, ನಿಮ್ಮ ಪುಣ್ಯಾ." ಊರವರೇ ಇಷ್ಟು ಸಂತೋಷವಾಗಿರುವಾಗ ನಾನು ತಕರಾರು ತೆಗೆದರೆ ಚೆನ್ನಾಗಿರುತ್ತದೆಯೇ ಎಂದು ಮೇಷ್ಟ್ರೂ ತಲೆಯಾಡಿಸುತ್ತಿದ್ದ. ಅಧಿಕಾರಿ ಮಜ್ಜಿಗೆ ಕುಡಿದು ಗುಡ್ಡ ಇಳಿಯುತ್ತಿದ್ದ. ಹೊಸ ಮೇಷ್ಟ್ರು, ಹೊಸ ಪುಸ್ತಕ ಬಂದರೆ ಪಟ್ಟಣಕ್ಕೆ ಹೋಗುತ್ತಿದ್ದವು. ಅಲ್ಲಿಯವರು ಅಧಿಕಾರಿಯ ಬೆನ್ನು ಬಿಡುತ್ತಿರಲಿಲ್ಲವಲ್ಲ.

ಹಟ್ಟಿಯಲ್ಲಿ ಫಕೀರವ್ವ ಎಂಬ ಒಬ್ಬ ತಾಯಿ ಇದ್ದಳು. ಅವಳ ಮಗಳು ಹುಲಿಗೆವ್ವ. ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಒಪ್ಪಿಸುವ ಹುಡುಗಿ. ಪಟ್ಟಣದಲ್ಲಿ ಹೆಣ್ಣುಮಕ್ಕಳ ದೊಡ್ಡ ಶಾಲೆ ಇತ್ತು. ಅಲ್ಲೇ ಊಟ, ಅಲ್ಲೇ ವಸತಿ, ಎಲ್ಲ ಪುಕ್ಕಟೆ. ಆದರೆ ಓದಿ ತೋರಿಸಿದವರಿಗೆ ಮಾತ್ರ ಜಾಗ. ಮಗಳು ಅಲ್ಲಿ ಸೇರಬೇಕು ಎಂಬುದೊಂದೇ ಫಕೀರವ್ವನ ಆಸೆ. ಸೇರದಿದ್ದರೆ ಹುಡುಗಿ ತಾಯಿಯ ಪಕ್ಕದಲ್ಲಿ ಕೂತು ಗರಿ ಸೀಳಬೇಕು, ಆಮೇಲೆ ಮದುವೆ. ಗರಿ ಸೀಳುವುದು ಕೀಳು ಕೆಲಸವೇನಲ್ಲ. ಆದರೆ ಆ ಹುಡುಗಿಗೆ ಓದುವ ಹಂಬಲ.

ತಾಯಿ ಮಗಳು ಗುಡ್ಡ ಇಳಿದು ಹೋದರು. ದೊಡ್ಡ ಶಾಲೆಯ ಅಂಗಳದಲ್ಲಿ ಕಾಯುತ್ತ ಕೂತರು. ಅಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿ ಶಾಲೆಯ ಟೀಚರನ್ನು ನಿಲ್ಲಿಸಿಕೊಂಡು ಜೋರು ಮಾಡುತ್ತಿದ್ದಳು. ಮಗಳಿಗೆ ಭಾಗಾಕಾರ ಇನ್ನೂ ಬಂದಿಲ್ಲ, ಯಾಕೆ ಬಂದಿಲ್ಲ, ಯಾವಾಗ ಕಲಿಸುತ್ತೀರಿ, ಹೇಳಿ. ಟೀಚರು ನಾಳೆ ಮತ್ತೆ ಹೇಳಿಕೊಡುತ್ತೇನೆ ಎಂದು ಒಪ್ಪಿ ಹೋದಳು.

ಫಕೀರವ್ವ ಅವಳ ಹತ್ತಿರ ಸರಿದು ಕೇಳಿದಳು. "ಗುರುಗಳಿಗೆ ಎದುರ ಮಾತಾಡ್ತಿರಲ್ಲವ್ವಾ, ಪಾಪ ತಟ್ಟಂಗಿಲ್ಲೇನು?"

"ಎದುರ ಮಾತೆಲ್ಲಿ ಬಂತವ್ವಾ?" ಎಂದಳು ವ್ಯಾಪಾರಿಯ ಹೆಂಡತಿ. "ಸಾಲಿ ನಮ್ಮದು, ಟೀಚರೂ ನಮ್ಮವರು. ನಮ್ಮವರನ್ನ ಕೇಳದ ಇನ್ಯಾರನ್ನ ಕೇಳೂಣು?"

ಅಷ್ಟರಲ್ಲಿ ಒಳಗೆ ಕರೆದರು. ಮುಖ್ಯೋಪಾಧ್ಯಾಯಿನಿ ಹುಲಿಗೆವ್ವನ ಕೈಗೆ ಒಂದು ಪುಸ್ತಕ ಕೊಟ್ಟು ಓದು ಎಂದಳು. ಹುಡುಗಿ ಹಾಳೆಯ ಮೇಲೆ ಕಣ್ಣಿಟ್ಟು ಗಟ್ಟಿಯಾಗಿ ಶುರು ಮಾಡಿದಳು: "ಒಂದೂರಿನಲ್ಲಿ ಒಬ್ಬ ಅರಸನಿದ್ದ. ಅವನು ದಾರಿಹೋಕರಿಗಾಗಿ ಬಾವಿ ತೋಡಿಸಿದ." ಒಂದು ಕಡೆಯೂ ತಡವರಿಸಲಿಲ್ಲ. ಮುಖ್ಯೋಪಾಧ್ಯಾಯಿನಿ ಕೊನೆಯವರೆಗೂ ಕೇಳಿಸಿಕೊಂಡಳು. ಹಾಳೆಯ ಮೇಲೆ ಅರಸನೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಅದು ಇರುವೆಗಳ ಪಾಠ. ಹುಡುಗಿ ಒಪ್ಪಿಸಿದ್ದು ತನ್ನ ಹಟ್ಟಿಯಲ್ಲಿ ಬಾಯಿಪಾಠ ಮಾಡಿದ್ದನ್ನು.

ನಗಬೇಡ ನಿಜಗುಣ. ಆ ಹೆಣ್ಣುಮಗಳೂ ನಗಲಿಲ್ಲ. ಹುಡುಗಿಯ ತಲೆ ಸವರಿ, "ಬರುವ ವರ್ಷ ಓದಲು ಕಲಿತು ಬಾ ಮಗಾ. ಅದಾದ ಮೇಲೆ ನಿನ್ನ ವಯಸ್ಸು ಮೀರುತ್ತದೆ, ನಾನು ಸೇರಿಸಿಕೊಳ್ಳಲು ಆಗುವುದಿಲ್ಲ" ಎಂದು ಕಳಿಸಿದಳು.

ಗುಡ್ಡದ ಅರ್ಧಕ್ಕೆ ಬಂದಾಗ ಫಕೀರವ್ವ ತಡೆಯಲಾರದೆ ಕೇಳಿದಳು. "ಅಕ್ಷರ ಗುರುತು ಸಿಗಂಗಿಲ್ಲ ಅಂತ ಮಾಸ್ತರರಿಗೆ ಯಾಕ ಹೇಳಲಿಲ್ಲ?"

ಹುಡುಗಿ ಅಳುತ್ತ ಅಂದಳು, "ನೀನ ಹೇಳಿದ್ದೆಲ್ಲವ್ವಾ, ಚಾಪಿ ಮ್ಯಾಲೆ ಕುಂತವರಿಗೆ ಇಲ್ಲ ಅನಬಾರದು ಅಂತ."

ತಾಯಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಮಗಳನ್ನು ಬೈಯಲು ಬಾಯಿ ಬರಲಿಲ್ಲ, ಮೇಷ್ಟ್ರನ್ನು ಬೈಯಲು ಮನಸ್ಸು ಬರಲಿಲ್ಲ. ಮಗಳು ತನ್ನ ಮಾತು ಕೇಳಿದ್ದಳು, ಮೇಷ್ಟ್ರು ದಿನವೂ ಗುಡ್ಡ ಹತ್ತಿ ಬಂದಿದ್ದ. ವ್ಯಾಪಾರಿಯ ಹೆಂಡತಿಯ ಮಾತು ಮಾತ್ರ ಅವಳ ಕಿವಿಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಅವಳು ಶಾಲೆಗೆ ಹೋದಳು. ಮೇಷ್ಟ್ರು ಚಾಪೆಯ ಮೇಲೆ ಕೂತು ಪಾಠ ಶುರು ಮಾಡಿದ್ದ. ಹಟ್ಟಿಯ ಹಿರಿಯರು ಎಂದಿನಂತೆ ಬಾಗಿಲ ಬಳಿ ಗರಿ ನೆನೆಹಾಕುತ್ತಿದ್ದರು. ಫಕೀರವ್ವ ಸೀದಾ ಒಳಗೆ ಹೋಗಿ, "ಸರ, ಸ್ವಲ್ಪ ಏಳ್ರಿ" ಎಂದಳು. ಅವನು ಎದ್ದ. ಅವಳು ಬಗ್ಗಿ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಅಯ್ಯಯ್ಯೋ ಎಂದರು ಬಾಗಿಲಲ್ಲಿದ್ದವರು. ಅಳಿಯನ ಚಾಪೆ ಸುತ್ತುವುದು ಅವರಿಗೆ ಗೊತ್ತಿತ್ತು. ಗುರುವಿನ ಚಾಪೆ ಸುತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಪಕ್ಕದ ಹಟ್ಟಿಯಲ್ಲಿ ಮೇಷ್ಟ್ರು ಒಮ್ಮೆ ಮುನಿಸಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ, ಅಲ್ಲಿಯ ಶಾಲೆಯಲ್ಲಿ ಈಗ ಆಡು ಕಟ್ಟುತ್ತಿದ್ದರು. "ಏನ ಮಾಡಿದೆಬೇ ಹುಚ್ಚಿ, ಸಾಲಿ ಮುಚ್ಚಿಸಿಬಿಟ್ಟೆಲ್ಲ!" ಎಂದು ಒಬ್ಬ ಮುದುಕ ತಲೆ ಚಚ್ಚಿಕೊಂಡ.

ಮೇಷ್ಟ್ರಿಗಂತೂ ಅಳಿಯನ ವಿಷಯವೇ ಗೊತ್ತಿರಲಿಲ್ಲ. ಅತಿಥಿಯ ಚಾಪೆ ಎತ್ತಿದರೆ ಏನರ್ಥ ಎಂಬುದಷ್ಟೇ ಗೊತ್ತಿತ್ತು. ಅವನ ಮುಖ ಸಣ್ಣದಾಯಿತು. ಏನೂ ಕೇಳದೆ ಗೂಟದಲ್ಲಿದ್ದ ಕೊಡೆ ತೆಗೆದುಕೊಂಡ. ಬಾಗಿಲ ಕಡೆ ಹೊರಟ. ಹಟ್ಟಿಯವರು ದಾರಿ ಬಿಟ್ಟು ಸರಿದರು. ಕಟ್ಟುಪಾಡು ನೋಡು, ಹೋಗುವವನನ್ನು ತಡೆಯುವುದಕ್ಕೂ ಯಾರಿಗೂ ಬಾಯಿ ಬರಲಿಲ್ಲ. ಫಕೀರವ್ವನೂ ಚಾಪೆ ಹಿಡಿದು ನಿಂತೇ ಇದ್ದಳು.

ಆಗ ಹುಲಿಗೆವ್ವ ಎದ್ದು ನಿಂತಳು. "ಸರ, ನನಗ ಓದಾಕ ಬರಂಗಿಲ್ರಿ."

ಮೇಷ್ಟ್ರು ನಿಂತ. ಆ ಕೋಣೆಯಲ್ಲಿ ಅವನ ಮುಂದೆ ಒಂದು ಮಗು 'ಇಲ್ಲ' ಎಂದದ್ದು ಅದೇ ಮೊದಲು. ಅವಳ ಹಿಂದೆ ಇನ್ನೊಂದು ಮಗು, "ನನಗೂ ಬರಂಗಿಲ್ರಿ" ಎಂದಿತು. ಆಮೇಲೆ ಮತ್ತೊಂದು. ಆಮೇಲೆ ಕೋಣೆಗೆ ಕೋಣೆಯೇ ಕೂಗಿಕೊಂಡಿತು. ಅಷ್ಟು ಹೊತ್ತಿಗೆ ಫಕೀರವ್ವನಿಗೆ ದನಿ ಬಂತು. "ಹೋಗಬ್ಯಾಡ್ರಿ ಸರ. ನಿಮ್ಮನ್ನ ಹೊರಗ ಹಾಕಾಕ ಚಾಪಿ ಸುತ್ತಲಿಲ್ಲ, ಒಳಗ ಕರಕೊಳ್ಳಾಕ ಸುತ್ತೀನಿ. ಇಷ್ಟು ದಿನ ಬಂದವರಾಗಿದ್ರಿ, ಇನ್ನ ಮನಿಯವರಾಗ್ರಿ. ನೆಲಕ್ಕ ಕುಂದ್ರಿ. ನಾವು ಕೇಳ್ತೀವಿ, ನೀವು ಹೇಳ್ರಿ. ನಾವು ತಪ್ಪಿದ್ರ ನೀವು ಬೈರಿ, ನೀವು ತಪ್ಪಿದ್ರ ನಾವು ಬೈತೀವಿ."

ಮೇಷ್ಟ್ರು ಕೊಡೆ ಕೆಳಗಿಟ್ಟ. ಬರಿ ನೆಲದ ಮೇಲೆ ಮಕ್ಕಳ ನಡುವೆ ಕೂತ. ಕೂತವನು ಚಿಕ್ಕ ಮಗುವಿನಂತೆ ಅತ್ತುಬಿಟ್ಟ. "ದಿನವೂ ಗುಡ್ಡ ಹತ್ತುವಾಗ ಅಂದುಕೊಳ್ಳುತ್ತಿದ್ದೆ, ಇವರಿಗೆಲ್ಲ ಎಲ್ಲವೂ ತಿಳಿದಿದೆ, ನಾನು ಯಾರಿಗಾಗಿ ಹತ್ತಬೇಕು ಅಂತ. ನನ್ನಿಂದ ಏನಾದರೂ ಬೇಕು ಎಂದು ಇವತ್ತು ಕೇಳಿದಿರಲ್ಲ ತಾಯಿ" ಎಂದು ಫಕೀರವ್ವನಿಗೆ ಕೈಮುಗಿದ. ಅವಳು, "ಥೂ, ಬಿಡ್ತು ಅನ್ರಿ, ನೀವು ಕೈ ಮುಗಿಯೂದೇನು" ಎಂದು ತಾನೂ ಅತ್ತಳು. ಬಾಗಿಲಲ್ಲಿದ್ದ ಮುದುಕ ಎಲ್ಲರಿಗಿಂತ ಜೋರಾಗಿ ಅತ್ತ. ಪಾಠ ಆವತ್ತು ಮೊದಲ ಅಕ್ಷರದಿಂದ ಶುರುವಾಯಿತು.

ಆಮೇಲಿನದು ಸುಲಭವಾಗಿರಲಿಲ್ಲ. ಒಬ್ಬನೇ ಮೇಷ್ಟ್ರು, ಅಷ್ಟೊಂದು ಮಕ್ಕಳು, ಇದ್ದುದು ಹರಿದ ಪುಸ್ತಕ. ಮಕ್ಕಳು ಕೇಳಲು ಕಲಿತ ಮೇಲೆ ಅವನಿಗೆ ಉಸಿರಾಡಲು ಬಿಡುವಿಲ್ಲ. ಅಧಿಕಾರಿ ಮುಂದಿನ ಸಲ ಬಂದಾಗ ಅವನಿಗೂ ಚಾಪೆ ಹಾಸಲಿಲ್ಲ. "ನೆಲಕ್ಕ ಕುಂದ್ರಿ ಸಾಹೇಬ್ರ, ನೀವೂ ನಮ್ಮವರ" ಎಂದಳು ಫಕೀರವ್ವ. ಅವನ ಪ್ಯಾಂಟಿಗೆ ಧೂಳು ಹತ್ತಿತು. ಕೊರತೆ ಏನು ಎಂದು ಕೇಳುವ ಮೊದಲೇ ಹಟ್ಟಿ ಹೇಳತೊಡಗಿತು, ಮೇಷ್ಟ್ರೂ ಸೇರಿಕೊಂಡ. ಅಧಿಕಾರಿ ಕೇಳಿ ಕೇಳಿ ಕೊನೆಗೆ, "ಇಷ್ಟು ವರ್ಷ ಏನೂ ಇಲ್ಲ, ಏನೂ ಇಲ್ಲ ಅಂದಿರಲ್ಲ ಮಾರಾಯರೇ, ನಾನು ಹಾಗೇ ಬರೆದು ಕಳಿಸಿದೆ" ಎಂದು ಹಣೆ ಒರೆಸಿಕೊಂಡ. ಇನ್ನೊಬ್ಬ ಟೀಚರು ಬಂದಳು. ಪುಸ್ತಕ ಬಂದವು. ನಲ್ಲಿ ತಡವಾಗಿ ಬಂತು. ಬೆಂಚು ಇನ್ನೂ ಬಂದಿಲ್ಲ. ಕೇಳುತ್ತಲೇ ಇದ್ದಾರೆ, ಬಿಟ್ಟಿಲ್ಲ.

ಹುಲಿಗೆವ್ವನನ್ನು ಮರೆತೆ ಅಂದುಕೊಂಡೆಯಾ? ಮುಂದಿನ ವರ್ಷ ಅದೇ ದೊಡ್ಡ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿ ಅದೇ ಇರುವೆಗಳ ಪಾಠ ತೆಗೆದು ಕೊಟ್ಟಳು. ಹುಡುಗಿ ಮೆಲ್ಲಗೆ, ಒಂದೊಂದೇ ಪದ ಕೂಡಿಸಿ ಓದಿದಳು. ಹೋದ ವರ್ಷದ ಓಟ ಇರಲಿಲ್ಲ. ನಡುವೆ ಒಂದು ಕಡೆ ನಿಂತಳು. ಹೊರಗೆ ಬಾಗಿಲಿಗೆ ಕಿವಿಗೊಟ್ಟಿದ್ದ ಫಕೀರವ್ವನಿಗೆ ಜೀವವೇ ಹೋದಂತಾಯಿತು. ಹುಡುಗಿ ತಲೆ ಎತ್ತಿ ಕೇಳಿದಳು, "ಮೇಡಂ, ಇದು ನನಗ ತಿಳೀಲಿಲ್ಲ. ಇರುವಿ ಮಳಿಗಾಲಕ್ಕ ಮೊದಲ ಕಾಳು ಕೂಡಿಡತೈತಿ ಅಂತ ಬರದಾರ. ಮಳಿ ಬರತೈತಿ ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?" ಮುಖ್ಯೋಪಾಧ್ಯಾಯಿನಿ ಪುಸ್ತಕ ಮುಚ್ಚಿದಳು. "ನನಗೂ ಗೊತ್ತಿಲ್ಲ ಮಗಾ. ನೀನು ಇಲ್ಲೇ ಇರು, ಇಬ್ಬರೂ ಸೇರಿ ಹುಡುಕೋಣ" ಎಂದಳು. ಫಕೀರವ್ವ ಅಲ್ಲೇ ಹೊಸ್ತಿಲಿಗೆ ಹಣೆ ಹಚ್ಚಿದಳು.

ಇನ್ನು ಸ್ವಲ್ಪವೇ ಇದೆ, ಕೇಳು. ಕೆಲವು ವರ್ಷಗಳ ಮೇಲೆ ಆ ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ಹಟ್ಟಿಯಲ್ಲಿ ಊಟ. ಹುಲಿಗೆವ್ವನೂ ರಜೆ ಕೇಳಿ ಬಂದಿದ್ದಳು. ಅಂಗಳವನ್ನು ನುಣ್ಣಗೆ ಸಾರಿಸಿದ್ದರು. ಸಾಮಾನು ಒಯ್ಯಲು ಬಂದ ಗಾಡಿಯವನಿಗೆ ಹೊಸ ಚಾಪೆ ಹಾಸಿ ಕೂರಿಸಿದ್ದರು. ಮೇಷ್ಟ್ರು ಬರುವಾಗ ಅವನಿಗೆ ಒಂದೇ ಅಂಜಿಕೆ, ಇವತ್ತು ಹೋಗುವವನು ಎಂದು ತನಗೂ ಚಾಪೆ ಹಾಸಿಬಿಟ್ಟರೆ? ನೋಡಿದ. ಅವನ ಎಲೆಯ ಹಿಂದೆ ಬರಿ ನೆಲ. ಪಕ್ಕದಲ್ಲಿ ಹಟ್ಟಿಯವರೂ ಬರಿ ನೆಲಕ್ಕೇ ಕೂತಿದ್ದರು. ಎಲೆಗೆ ಕೈಹಾಕುವ ಮೊದಲೇ ಅವನು ಹಟ್ಟಿಯವರ ಕಡೆ ತಿರುಗಿದ.

"ಕೆಲಸ ಕೊಟ್ಟದ್ದು ಸರಕಾರ. ನನ್ನನ್ನು ಮೇಷ್ಟ್ರನ್ನಾಗಿ ಮಾಡಿದ್ದು ನೀವು. ಇದನ್ನು ನಾನು ಮರೆಯುವುದಿಲ್ಲ" ಎಂದ.

"ನಮ್ಮ ಮಕ್ಕಳಿಗೆ ಕಣ್ಣು ಕೊಟ್ಟವರು ನೀವು, ನಾವು ಹೆಂಗ ಮರೀತೀವಿ? ಮೊದಲು ಉಣ್ರಿ, ಹೋಳಿಗಿ ಆರತೈತಿ" ಎಂದು ಫಕೀರವ್ವ ಗದರಿದಳು. ಅವನು ನಗುತ್ತ, ಕಣ್ಣು ಒರೆಸಿಕೊಳ್ಳುತ್ತ ಉಂಡ.

ಗುರುಗಳು ಕತೆ ನಿಲ್ಲಿಸಿದರು. "ಆ ತಾಯಿಯನ್ನು ನೆನೆದಾಗಲೆಲ್ಲ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ ನಿಜಗುಣ. ಹಟ್ಟಿಯವರ ಭಕ್ತಿಯಲ್ಲಿ ಏನೂ ಕೊರತೆ ಇರಲಿಲ್ಲ. ಅದು ಬಾಯಿ ಕಟ್ಟಿಕೊಂಡು ಕೂತಿತ್ತು, ಅವಳು ಅದಕ್ಕೆ ಬಾಯಿ ಕೊಟ್ಟಳು."

ನಿಜಗುಣನ ಕಣ್ಣು ತುಂಬಿತ್ತು. ಕತೆಯುದ್ದಕ್ಕೂ ಅವನು ತಲೆಯಾಡಿಸುತ್ತಲೇ ಇದ್ದ, ಶೇಂಗಾ ಬುಟ್ಟಿ ಹಾಗೇ ಉಳಿದಿತ್ತು.

"ಎಲ್ಲ ತಿಳಿಯಿತೇನಪ್ಪಾ?" ಎಂದರು ಗುರುಗಳು.

"ತಿಳಿಯಿತು ಅಜ್ಜಾರೇ, ಎಲ್ಲ ತಿಳಿಯಿತು" ಎಂದು ಅವನು ತಕ್ಷಣ ಎದ್ದು ಮತ್ತೆ ಅವರ ಕಾಲಿಗೆ ಬಿದ್ದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು: "ಇಷ್ಟು ವರ್ಷ ನನ್ನ ಮುಂದೆ ಒಮ್ಮೆಯೂ ತಿಳಿಯಲಿಲ್ಲ ಅನ್ನದವನು ನೀನು, ಇನ್ನು ನಿನ್ನ ಮಕ್ಕಳು ಆ ಮಾತನ್ನು ಯಾರಿಂದ ಕಲಿಯಬೇಕಪ್ಪಾ?"